ನಿನ್ನ ಪ್ರಬಂಧ ಓದಿದವರು ಯಾರು

ಭಾನುವಾರ, ಮಧ್ಯಾಹ್ನ

ನನ್ನ ಕಡ್ಡಿಗೆ,

ದೊಡ್ಡಮ್ಮನ ಪ್ರೀತಿ. ಆಶೀರ್ವಾದ ಎಂದು ಬರೆಯಲು ಈ ಸಲ ಕೈ ಬರುತ್ತಿಲ್ಲ. ಪ್ರೀತಿಯನ್ನಷ್ಟೇ ಇಟ್ಟುಕೋ.

ಮೊದಲಿಗೆ ಒಂದು ಮಾತು. ನನಗೆ ಜ್ವರವೂ ಇಲ್ಲ, ಗಂಟಲೂ ಕಟ್ಟಿಲ್ಲ. ನಿನ್ನಮ್ಮನಿಗೆ ಹಾಗೆಂದು ಸಂದೇಶ ಕಳಿಸಿದ್ದು ನಾನೇ. ಅವಳು ಪಾಪ, ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು, ಫ್ಯಾನ್ ಕೆಳಗೆ ಮಲಗಬೇಡ, ನಿನಗೆ ಹೇಳುವವರು ಕೇಳುವವರು ಯಾರೂ ಇಲ್ಲ ಎಂದು ಉದ್ದಕ್ಕೆ ಬರೆದಿದ್ದಾಳೆ. ನಿನ್ನ ಫೋನ್ ಬಂದಾಗಲೆಲ್ಲ ಅದನ್ನು ದಿಂಬಿನ ಕೆಳಗೆ ತಳ್ಳಿ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದೆ. ಅರವತ್ತು ದಾಟಿದ ಹೆಂಗಸು ಮಾಡುವ ಕೆಲಸವಾ ಇದು? ತರಗತಿಯಲ್ಲಿ ಬೆಂಚಿನ ಕೆಳಗೆ ಬಚ್ಚಿಟ್ಟುಕೊಳ್ಳುತ್ತಿದ್ದ ಹುಡುಗರನ್ನು ಕಿವಿ ಹಿಡಿದು ಎಬ್ಬಿಸುತ್ತಿದ್ದವಳು ನಾನು.

ಹೋದ ವಾರ ನೀನು ನನ್ನನ್ನು ಕೇಳಿದ್ದು ಒಂದೇ ವಿಷಯ. “ದೊಡ್ಡಮ್ಮ, ನೀನು ಅಲ್ಲೇ ಕೆಲ್ಸ ಮಾಡೋದಲ್ವಾ? ನನ್ನ ಪ್ರಬಂಧ ಓದಿದವರು ಯಾರು ಅಂತ ಸ್ವಲ್ಪ ಕಂಡುಹಿಡಿ. ಜಗಳ ಆಡಲ್ಲ. ಯಾವ ಸಾಲು ನಂದಲ್ಲ ಅನ್ನಿಸ್ತು ಅಂತ ಮಾತ್ರ ಕೇಳ್ತೀನಿ.” ಜಗಳ ಆಡುವುದಿಲ್ಲ ಎಂದದ್ದನ್ನು ನಾನು ನಂಬಲಿಲ್ಲ, ಬಿಡು. ಅಂಗಡಿಯವನು ಚಿಲ್ಲರೆಗೆ ಬದಲು ಚಾಕೊಲೇಟ್ ಕೊಟ್ಟರೆ ಅಲ್ಲೇ ವಾದಕ್ಕೆ ನಿಲ್ಲುವವಳು ನೀನು. ಕಾನೂನು ಓದಬೇಕೆಂದು ನೀನು ಹಟ ಹಿಡಿದಾಗ ನಿನ್ನಪ್ಪ, “ಸದ್ಯ, ಇನ್ಮೇಲೆ ಮನೆ ಬಿಟ್ಟು ಹೊರಗೆ ವಾದ ಮಾಡ್ತಾಳೆ” ಎಂದು ಖುಷಿಪಟ್ಟಿದ್ದ. ಆ ಓದಿಗೇ ಈಗ ಕಲ್ಲು ಬಿದ್ದಿದೆ. ಪ್ರವೇಶಕ್ಕೆಂದು ನೀನು ಮನೆಯಲ್ಲಿ ಕೂತು ಬರೆದು ಕಳಿಸಿದ ಪ್ರಬಂಧವನ್ನು ಯಂತ್ರದಿಂದ ಬರೆಸಿದ್ದು ಎಂದು ತಳ್ಳಿಹಾಕಿದ್ದಾರೆ. ಹಾಗೆಂದು ಒಮ್ಮೆ ತೀರ್ಮಾನವಾದರೆ ಎರಡು ವರ್ಷ ಯಾವ ಕಾಲೇಜಿನ ಬಾಗಿಲನ್ನೂ ತಟ್ಟುವ ಹಾಗಿಲ್ಲ. ಕಳ್ಳಿ ಎಂಬ ಹೆಸರು ಬೇರೆ.

ಓದಿದವರು ಯಾರೆಂದು ಕಂಡುಹಿಡಿದೆ, ಕಡ್ಡಿ. ಹೇಳುತ್ತೇನೆ. ಅದಕ್ಕೆ ಮೊದಲು ನನ್ನ ಕೆಲಸ ಎಂಥದ್ದೆಂದು ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿ ನಾನು ಹೇಳಿಕೊಂಡದ್ದೇ ಬೇರೆ.

ಶಾಲೆಗಳಲ್ಲಿ ಉತ್ತರಪತ್ರಿಕೆ ತಿದ್ದುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದಾಗ ಭಾಷೆಯ ಟೀಚರುಗಳನ್ನು ಅವಧಿಗೆ ಮೊದಲೇ ಮನೆಗೆ ಕಳಿಸಿದ್ದು ನಿನಗೆ ನೆನಪಿರಬೇಕು. ಆಮೇಲೆ ಯಾರೋ ಪುಣ್ಯಾತ್ಮರು ನ್ಯಾಯಾಲಯಕ್ಕೆ ಹೋದರು, ಕಾನೂನು ಬಂತು. ವಿದ್ಯಾರ್ಥಿಯ ಭವಿಷ್ಯವನ್ನು ಯಂತ್ರವೊಂದೇ ತೀರ್ಮಾನಿಸುವಂತಿಲ್ಲ, ಮನುಷ್ಯರೊಬ್ಬರು ಓದಿ ದೃಢಪಡಿಸಲೇಬೇಕು ಎಂದಿತು. ಪ್ರವೇಶ ಮಂಡಳಿಯವರು ಹಳೇ ಟೀಚರುಗಳನ್ನು ಹುಡುಕಿಕೊಂಡು ಬಂದರು. ಅವತ್ತು ನಿಮ್ಮ ಮನೆಯ ಊಟದ ಮೇಜಿನಲ್ಲಿ ಕೂತು ನಾನು ಎಷ್ಟು ಜಂಭ ಕೊಚ್ಚಿದೆ! “ಯಂತ್ರ ಎಷ್ಟು ಕುಣಿದ್ರೂ ಅಷ್ಟೇ ಕಣೇ, ನಾವು ಹೂಂ ಅನ್ನೋವರೆಗೂ ಬಾಗಿಲಲ್ಲಿ ಕೈಕಟ್ಟಿ ನಿಂತಿರಬೇಕು” ಎಂದೆ. ಟೀವಿಯಿಂದ ಕಣ್ಣು ಕೀಳದ ನಿನ್ನಪ್ಪ ಕೂಡ ತಿರುಗಿ ನೋಡಿದ. ನೀನು ಮಾತ್ರ, “ಎಲ್ಲಾನೂ ಪೂರ್ತಿ ಓದ್ತೀಯಾ?” ಎಂದು ಕೇಳಿದೆ. “ಇನ್ನೇನು, ಅರ್ಧ ಓದ್ತಾರಾ?” ಎಂದು ನಿನ್ನ ತಲೆಗೆ ಮೊಟಕಿದೆ. ನಿಜಕ್ಕೂ ಆ ದಿನಗಳಲ್ಲಿ ಓದುತ್ತಿದ್ದೆ.

ನಾವು ಕೂರುವ ಹಾಲ್ ಮೊದಲು ಪೀಠೋಪಕರಣದ ಮಳಿಗೆಯಾಗಿತ್ತು. ಗೋಡೆಯ ಮೇಲೆ ಈಗಲೂ ಸೋಫಾ ಒರಗಿದ ಎಣ್ಣೆಕಲೆಗಳಿವೆ. ಪರದೆಯ ಎಡಕ್ಕೆ ವಿದ್ಯಾರ್ಥಿಯ ಬರಹ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ. ಹೆಸರಿರುವುದಿಲ್ಲ, ಅರ್ಜಿಯ ಸಂಖ್ಯೆ ಮಾತ್ರ. ಬಲಕ್ಕೆ ಯಂತ್ರದ ಅಭಿಪ್ರಾಯ, ದೊಡ್ಡದಾಗಿ; ಬರಹ ವಿದ್ಯಾರ್ಥಿಯದಲ್ಲ ಅನ್ನಿಸಿದರೆ ಕೆಂಪು ಚೌಕಟ್ಟಿನಲ್ಲಿ. ಕೆಳಗೆ ಎರಡು ಗುಂಡಿ: ಒಪ್ಪಿದೆ, ಒಪ್ಪಿಲ್ಲ. ಒಪ್ಪಿದೆ ಎಂದು ಒತ್ತಿದರೆ ಮುಂದಿನ ಪ್ರಬಂಧ ತಾನಾಗಿ ಬರುತ್ತದೆ. ಒಪ್ಪಿಲ್ಲ ಎಂದರೆ ಯಾಕೆ, ಯಾವ ಸಾಲು, ಏನು ಆಧಾರ ಎಂದು ಪುಟಗಟ್ಟಲೆ ಬರೆಯಬೇಕು. ಬರೆಯುವಷ್ಟು ಹೊತ್ತೂ ಎದುರು ಗೋಡೆಯಲ್ಲಿ ನಮ್ಮ ಸೀಟಿನ ದೀಪ ಹಳದಿಯಾಗಿ ಉರಿಯುತ್ತದೆ, ಇಡೀ ಹಾಲ್ ನೋಡುತ್ತದೆ. ಪದೇ ಪದೇ ಹಳದಿಯಾದರೆ ಮೇಲ್ವಿಚಾರಕ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ. ನನ್ನ ಹಳೇ ವಿದ್ಯಾರ್ಥಿಗಳ ವಯಸ್ಸಿನವನು, ಬಹಳ ಮರ್ಯಾದಸ್ಥ. “ಯಾಕ್ ಮೇಡಂ, ಹುಷಾರಿಲ್ವಾ?” ಎಂದಷ್ಟೇ ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಬೈಸಿಕೊಳ್ಳುವುದು ವಾಸಿ.

ಹೀಗೆ ನಾನು ಮೊದಲು ಪೂರ್ತಿ ಓದುವುದನ್ನು ಬಿಟ್ಟೆ. ಆಮೇಲೆ ಮೊದಲ ಪ್ಯಾರಾ ಓದಿ ಸಾಕೆಂದೆ. ಆಮೇಲೆ ಬಲಗಡೆ ಕೆಂಪು ಚೌಕಟ್ಟು ಕಂಡರೆ ಸಾಕು, ಬೆರಳು ತಾನಾಗಿ ಹೋಗುತ್ತಿತ್ತು. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈ ಗುಂಡಿಯ ಮೇಲೆ. ನನ್ನ ಪಕ್ಕ ಕೂರುವ ಲೆಕ್ಕದ ಮೇಷ್ಟ್ರು ಪೆನ್ಸಿಲ್ಲಿನ ಹಿಂಬದಿಯಿಂದ ಒತ್ತುತ್ತಾರೆ, ಬೆರಳು ಸವೆಯಬಾರದಂತೆ. ಒಂದು ದಿನ ಅವರು, “ನಮ್ಮನ್ನ ಓದೋಕೆ ಇಟ್ಟಿಲ್ಲ ಮೇಡಂ, ಒಬ್ರು ಇದ್ರು ಅಂತ ಹೇಳೋಕೆ ಇಟ್ಟಿದ್ದಾರೆ” ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಸೋಮವಾರ ಟೀ ಬಿಡುವಿನಲ್ಲಿ ನೀನು ಕೊಟ್ಟ ಅರ್ಜಿ ಸಂಖ್ಯೆ ಹಾಕಿ ಹುಡುಕಿದೆ. ಸಿಕ್ಕಿದವರಿಗೆ ಸರಿಯಾಗಿ ಮಂಗಳಾರತಿ ಎತ್ತಬೇಕೆಂದು ಬಾಯಲ್ಲಿ ಮಾತನ್ನೂ ಸಿದ್ಧ ಮಾಡಿಕೊಂಡಿದ್ದೆ. ದೃಢಪಡಿಸಿದವರು ಎಂಬ ಜಾಗದಲ್ಲಿ ಒಂದು ಸೀಟಿನ ಸಂಖ್ಯೆ ಇತ್ತು. ತಲೆಯೆತ್ತಿ ಹಾಲ್‌ನಲ್ಲಿ ಆ ಸೀಟು ಯಾರದ್ದೆಂದು ಹುಡುಕಿದೆ ನೋಡು, ಆಗಲೂ ನನಗೆ ಹೊಳೆಯಲಿಲ್ಲ. ಆಮೇಲೆ ನನ್ನ ಪರದೆಗೆ ಅಂಟಿಸಿದ ಚೀಟಿ ಕಣ್ಣಿಗೆ ಬಿತ್ತು. ಅದರಲ್ಲಿದ್ದದ್ದೂ ಅದೇ ಸಂಖ್ಯೆ.

ನಾನೇ ಕಣಮ್ಮ. ನಿನ್ನ ಪ್ರಬಂಧವನ್ನು ಕಳ್ಳತನ ಎಂದು ಒಪ್ಪಿದವಳು ನಿನ್ನ ದೊಡ್ಡಮ್ಮ. ಯಾವ ಸಾಲು ನಿನ್ನದಲ್ಲ ಅನ್ನಿಸಿತೆಂದು ನೀನು ಕೇಳುವುದಾದರೆ, ನಾನು ಒಂದು ಸಾಲನ್ನೂ ಓದಿರಲಿಲ್ಲ.

ಮಾರನೇ ದಿನ ಕೂತು ಓದಿದೆ. ನಿಮ್ಮ ಬೀದಿಯ ಬಸ್ಸಿನಿಂದ ಕಂಡಕ್ಟರನ್ನು ತೆಗೆದು ಕಾರ್ಡಿನ ಯಂತ್ರ ಹಾಕಿದ್ದರ ಬಗ್ಗೆ ಬರೆದಿದ್ದೀಯಲ್ಲ. ‘ಮೊದಲು ಎಲ್ಲರೂ ತಾವು ಇಳಿಯುವ ಸ್ಟಾಪಿನ ಹೆಸರನ್ನು ಬಾಯಿಬಿಟ್ಟು ಹೇಳಬೇಕಿತ್ತು. ಆಸ್ಪತ್ರೆ ಎಂದು ಹೇಳಿದವರಿಗೆ ಯಾರಾದರೂ ಎದ್ದು ಜಾಗ ಕೊಡುತ್ತಿದ್ದರು. ಈಗ ಯಾರು ಎಲ್ಲಿಗೆ ಹೋಗುತ್ತಿದ್ದಾರೆಂದು ಯಾರಿಗೂ ಗೊತ್ತಿಲ್ಲ, ಆದ್ದರಿಂದ ಯಾರೂ ಏಳುವುದಿಲ್ಲ.’ ಇದನ್ನು ಓದಿ ಮುಂದಕ್ಕೆ ಹೋಗಲಾಗಲಿಲ್ಲ. ಇಷ್ಟು ವರ್ಷ ಮಕ್ಕಳ ಬರಹ ತಿದ್ದಿದ್ದೇನೆ, ಇಂಥ ಮಾತನ್ನು ಬರೆದವರು ಕಡಿಮೆ.

ಇನ್ನು ಯಂತ್ರ ಯಾಕೆ ಹಾಗೆ ಹೇಳಿತು? ಮಂಡಳಿಯ ಕಲಿಕೆಯ ಆಪ್ ಬರೆದುಕೊಡುವ ಪ್ರಬಂಧಗಳ ಧಾಟಿಯೇ ಇದರಲ್ಲಿದೆ ಎಂದು ಕಾರಣ ಕೊಟ್ಟಿತ್ತು. ಚಿಕ್ಕ ಚಿಕ್ಕ ವಾಕ್ಯ, ಮೊದಲು ಒಂದು ವಸ್ತು, ಆಮೇಲೆ ಅಭಿಪ್ರಾಯ, ಕೊನೆಯಲ್ಲಿ ಉಪದೇಶವಿಲ್ಲ. ಆ ಆಪಿಗೆ ಬರೆಯುವುದನ್ನು ಕಲಿಸಲು ಮಂಡಳಿಯವರು ಮಾದರಿ ಪ್ರಬಂಧಗಳನ್ನು ಬರೆಸಿದ್ದರಲ್ಲ, ಬೇಸಿಗೆ ರಜೆಯಿಡೀ ಕೂತು ಅದರ ಬಹುಪಾಲು ಬರೆದವಳು ನಾನು. ಅದೇ ರಜೆಯಲ್ಲಿ ನೀನು ನನ್ನ ಮನೆಯಲ್ಲಿದ್ದೆ. ನಾನು ಬರೆದು ಮುಗಿಸಿದ್ದನ್ನೆಲ್ಲ ಎಳೆದುಕೊಂಡು ಓದುತ್ತಿದ್ದೆ, ನೀನೂ ಬರೆದು ತರುತ್ತಿದ್ದೆ. “ಮೊದ್ಲು ವಸ್ತು ತೋರ್ಸು, ಆಮೇಲೆ ಬಾಯಿ ಬಿಡು” ಎಂದು ನಾನು ಹೊಡೆದುಹಾಕುತ್ತಿದ್ದೆ. ಯಂತ್ರಕ್ಕೂ ನಿನಗೂ ಒಬ್ಬಳೇ ಟೀಚರು, ಕಡ್ಡಿ. ನೀನು ಅದರ ಹಾಗೆ ಬರೆದಿಲ್ಲ, ನಿಮ್ಮಿಬ್ಬರಿಗೂ ಬಂದಿರುವುದು ನನ್ನ ಕೈ. ಆ ಕೈಯ ಗುರುತು ಹಿಡಿಯಬೇಕಾದವಳು ಲೋಕದಲ್ಲಿ ಯಾರಾದರೂ ಇದ್ದರೆ ಅದು ನಾನು. ನಾನು ಟೀ ಕುಡಿಯುತ್ತಿದ್ದೆ. ನಾಚಿಕೆಗೇಡು ಎಂಬುದು ಇದಕ್ಕೆ ಸಣ್ಣ ಮಾತಾಯಿತು.

ಮೇಲ್ವಿಚಾರಕನನ್ನು ಸುಮ್ಮನೆ ಕೇಳುವವಳಂತೆ ಕೇಳಿದೆ, ಯಾರಾದರೂ ಓದದೆ ಒಪ್ಪಿದ್ದೆ ಎಂದು ಹೇಳಿಬಿಟ್ಟರೆ ಏನಾಗುತ್ತದೆಂದು. ಅವನು ನಗಲಿಲ್ಲ. “ಒಬ್ರು ಓದಿಲ್ಲ ಅಂದ್ರೆ ಯಾರೂ ಓದಿಲ್ಲ ಅಂತಾನೇ ಆಗುತ್ತೆ ಮೇಡಂ. ಈ ವರ್ಷದ್ದೆಲ್ಲ ಮತ್ತೆ ತೆಗೀಬೇಕು. ನಾವೆಲ್ಲ ಮನೆಗೆ” ಎಂದ. ಲೆಕ್ಕದ ಮೇಷ್ಟ್ರಿಗೆ ನಿಜ ಹೇಳಿದೆ. ಅವರು ಪೆನ್ಸಿಲ್ ಕೆಳಗಿಟ್ಟರು. “ಹೇಳೋದಾದ್ರೆ ಹೇಳಿ. ಆದ್ರೆ ಹೇಳೋವಾಗ ನನ್ನ ಮುಖ ನೋಡ್ಬೇಡಿ” ಎಂದರು. ಅವರಿಗೂ ಈ ಕೆಲಸ ಬಿಟ್ಟರೆ ಮನೆಯೊಳಗೆ ಒಂದು ಕುರ್ಚಿ ಮಾತ್ರ. ನನಗೂ ಅಷ್ಟೇ. ಮೇಡಂ ಎಂದು ಕರೆಯುವ ಜಾಗ ನನಗೆ ಅದೊಂದೇ ಉಳಿದಿರುವುದು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಇಲ್ಲ, ನೆಪವಾಗಿಯೇ ಹೇಳುತ್ತಿದ್ದೇನೆ, ನೀನು ಹಾಗೆಂದೇ ತಿಳಿ.

ಶುಕ್ರವಾರ ನೀನು ಕಳಿಸಿದ ಸಂದೇಶ ಓದಿದೆ. ನಿನ್ನ ಮೇಲ್ಮನವಿಗೆ ಮಂಡಳಿಯವರು, ಪರಿಶೀಲಕರು ಪ್ರಬಂಧವನ್ನು ಪೂರ್ತಿ ಓದಿರುವುದಾಗಿ ದೃಢಪಡಿಸಿದ್ದಾರೆ ಎಂದು ಉತ್ತರ ಕೊಟ್ಟಿದ್ದಾರಲ್ಲ. “ಎಂಥ ಮನುಷ್ಯರು ದೊಡ್ಡಮ್ಮ ಇವರು?” ಎಂದು ಕೇಳಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ.

ಬರುವ ಗುರುವಾರ ನಿನ್ನ ಮೇಲ್ಮನವಿಯ ವಿಚಾರಣೆ. ನಾನು ಬರುತ್ತೇನೆ. ಓದದೆ ಒಪ್ಪಿದೆನೆಂದು ಅವರ ಮುಂದೆ ಹೇಳುತ್ತೇನೆ. ಆ ಧಾಟಿ ಎಲ್ಲಿಂದ ಬಂತೆಂದು ತೋರಿಸಲು ನನ್ನ ಮಾದರಿ ಪ್ರಬಂಧಗಳ ಪ್ರತಿಗಳನ್ನೂ ತರುತ್ತೇನೆ. ನಿಮ್ಮ ಅಕ್ಕನ ಮಗಳೋ ತಂಗಿಯ ಮಗಳೋ, ಅದಕ್ಕೇ ಹೀಗೆ ಹೇಳುತ್ತಿದ್ದೀರಿ ಎಂದು ಅವರ ವಕೀಲರು ಹಂಗಿಸುತ್ತಾರೆ, ಹಂಗಿಸಲಿ. ಬೇರೆಯವರ ಮಕ್ಕಳ ಎಷ್ಟು ಪ್ರಬಂಧಗಳಿಗೆ ಹೀಗೆ ಮಾಡಿದಿರಿ ಎಂದು ಕೇಳಿದರೆ ಮಾತ್ರ ಎಲ್ಲಿ ಮುಖ ಇಟ್ಟುಕೊಳ್ಳಲಿ ಎಂದು ಗೊತ್ತಾಗುತ್ತಿಲ್ಲ. ಆ ಮಕ್ಕಳಿಗೆ ಅಲ್ಲಿ ಕೆಲಸ ಮಾಡುವ ದೊಡ್ಡಮ್ಮಂದಿರಿಲ್ಲ.

ನಿನ್ನಮ್ಮನಿಗೆ ನೀನೇ ಓದಿ ಹೇಳು. ನನಗೆ ಅವಳ ಎದುರು ನಿಂತು ಹೇಳುವಷ್ಟು ಮುಖವಿಲ್ಲ. ಅವಳು ಅತ್ತರೆ ಅಳಲಿ, ಬೈದರೆ ತಡೆಯಬೇಡ.

ಇಂತಿ, ಕ್ಷಮಿಸು ಎಂದು ಕೇಳಲೂ ಹಿಂಜರಿಯುವ,
ನಿನ್ನ ದೊಡ್ಡಮ್ಮ

ಮ.ವಿ.: ಮರೆತಿದ್ದೆ ಎಂದು ಬರೆಯಹೊರಟು ಹೊಡೆದುಹಾಕಿದ್ದೇನೆ, ಮೇಲೆ ಗೀಚಿರುವುದು ಅದೇ. ಮರೆತಿರಲಿಲ್ಲ. ಪೂರ್ತಿ ಓದಿದ್ದೀರಾ ಎಂದು ಮಂಡಳಿಯವರು ನನ್ನನ್ನು ಕೇಳಿದ್ದು ಮಂಗಳವಾರ. ನಿನ್ನ ಪ್ರಬಂಧ ಆಗಿನ್ನೂ ನನ್ನ ಪರದೆಯ ಮೇಲೆ ತೆರೆದಿತ್ತು. ಈಗಷ್ಟೇ ಓದಿ ಮುಗಿಸಿದ್ದೇನಲ್ಲ, ಹೌದು ಎಂದರೆ ಸುಳ್ಳೇನೂ ಆಗುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ‘ಹೌದು’ ಎಂದು ಒತ್ತಿದೆ. ನಿನ್ನದೆಂದು ಗೊತ್ತಿತ್ತು. ನೀನೇ ಬರೆದದ್ದೆಂದೂ ಗೊತ್ತಿತ್ತು. ಮೊದಲ ಸಲ ಓದದೆ ಒತ್ತಿದೆ, ಎರಡನೇ ಸಲ ಓದಿ ಒತ್ತಿದೆ. ಗುರುವಾರ ಅವರು ಅದನ್ನು ಎಲ್ಲರ ಮುಂದೆ ಓದಿ ಹೇಳುತ್ತಾರೆ, ಅದಕ್ಕೆ ಮೊದಲು ನಿನಗೆ ನನ್ನಿಂದಲೇ ಗೊತ್ತಾಗಲಿ. ಅವತ್ತು ನೀನು ನನ್ನ ಪಕ್ಕ ಕೂರಬೇಕೆಂದೇನೂ ಇಲ್ಲ.