ಫ್ಯಾನಿಗೆ ಸಿಕ್ಕಿಸಿದ ಗರಿ

ಎಸ್ತರಳ ಪಪ್ಪನಿಗೆ,

ನೀವು ಸತ್ತರೂ ನಿಮ್ಮ ಫ್ಯಾನು ಕರಕರ ಬಿಡಲಿಲ್ಲ. ಇವತ್ತು ಬೆಳ್ಮಣ್ಣಿನ ವಯರ್‌ಮ್ಯಾನ್ ರಘುಪತಿಯನ್ನು ಕರೆಸಿದೆ.

"ಬೇರಿಂಗಿಗೆ ಎಂತದೂ ಆಗಲಿಲ್ಲ ಬಾಯಮ್ಮ, ಇದು ಉಜ್ಜುತ್ತಿತ್ತು" ಎಂದು ಫ್ಯಾನಿನ ಮೇಲಿನ ಬಟ್ಟಲಿನೊಳಗಿಂದ ಒಣಗಿದ ತೆಂಗಿನಗರಿಯ ಶಿಲುಬೆ ತೆಗೆದುಕೊಟ್ಟ. ಗರಿಗಳ ಭಾನುವಾರ ಪಾದ್ರಿಗಳು ಆಶೀರ್ವದಿಸಿ ಕೊಟ್ಟದ್ದು!

ಕೇಡು ತಾಗದಿರಲೆಂದು ಕೊಟ್ಟಿಗೆಗೆ ಸಿಕ್ಕಿಸುವುದನ್ನು ಫ್ಯಾನಿಗೂ ಸಿಕ್ಕಿಸಿದಿರಾ ಮಾರಾಯ್ರೆ? ಕರೆಂಟು ಬಂದ ವರ್ಷ, ಅದು ತಲೆ ಮೇಲೆ ಬೀಳುತ್ತದೆಂದು ನಾನು ಚಾವಡಿಯಲ್ಲಿ ಮಲಗಿದಾಗ ನಕ್ಕವರು ನೀವೇ ಅಲ್ವಾ? ಆಮೇಲೆ "ಇನ್ನು ಬೀಳುವುದಿಲ್ಲ, ಬಾ" ಎಂದು ಕರೆದಿರಿ, ಯಾಕೆಂದು ಹೇಳಲಿಲ್ಲ. ಸದ್ದಿಗೆ ನಾನು ಬೈದಾಗಲೂ ಹೇಳಲಿಲ್ಲ.

ಹಳೇ ಗರಿಗಳನ್ನು ಬೂದಿ ಬುಧವಾರಕ್ಕೆ ಸುಡಲು ಇಗರ್ಜಿಗೆ ಕೊಡಬೇಕು. ಇದನ್ನು ಕೊಡುವುದಿಲ್ಲ.

ಈಗ ಫ್ಯಾನು ಸದ್ದಿಲ್ಲದೆ ತಿರುಗುತ್ತಾ ಉಂಟು. ಅದರ ಅಡಿಯಲ್ಲಿ ಮಲಗಲು ಪುನಃ ಹೆದರಿಕೆಯಾಗುತ್ತದೆ.

ಅಪೊಲೋನಿಯಾ