ಭಾನುವಾರ ಮೂರು ಗಂಟೆಗೆ

ಆಗಸ್ಟ್ 6, ಮಂಗಳವಾರ

ಕೋಟೆ ನೋಡಿದ್ದಾಯಿತು. ಸಾಲಿನಲ್ಲಿ ನಿಂತದ್ದೇ ಹೆಚ್ಚು. ನನ್ನ ಗಂಡ ಫಿನ್ಲೇ ಹಳೇ ಫಿರಂಗಿಗಳ ಮುಂದೆ ಕೈ ಹಿಂದೆ ಕಟ್ಟಿ ನಿಂತ, ಸಂತೆಯಲ್ಲಿ ಟಗರು ನೋಡುವವನ ಹಾಗೆ. ಒಂದು ಗಂಟೆಗೆ, ದಿನದ ರೂಢಿಯಂತೆ, ತೋಪು ಹಾರಿತು. ಗೊತ್ತಿದ್ದದ್ದೇ, ಆದರೂ ಹೌಹಾರಿ ನನ್ನ ತೋಳು ಹಿಡಿದ. “ಥೂ ಇವರ ಮನೆ ಹಾಳಾಗ!” ಚರ್ಚಿನ ಹಿರಿಯನಾಗಿ ಮೂವತ್ತು ವರ್ಷವಾದವನ ಬಾಯಲ್ಲಿ ಈ ಮಾತು. ನಗು ಬಂತು. ಎಷ್ಟೋ ದಿನದ ಮೇಲೆ.

ನಮ್ಮ ದ್ವೀಪದಲ್ಲಿ ಎಲ್ಲರಿಗೂ ಹೇಳಿ ಬಂದದ್ದು — ಬೇಸಿಗೆ ರಜೆ, ಎಡಿನ್‌ಬರೊ ನೋಡಿ ಬರುತ್ತೇವೆ. ಸುಳ್ಳು. ಬಂದದ್ದು ಮಗಳು ಮರ್ಸಾಲಿಗಾಗಿ. ಆರು ವರ್ಷದಿಂದ ಮಾತಿಲ್ಲ. ಮದುವೆಗೆ ಮುಂಚೆಯೇ ಆ ಹುಡುಗನ ಜೊತೆ ಮನೆ ಮಾಡಿದ್ದಳು, ಅದಕ್ಕೆ ನಾವು ಅವಳ ಮದುವೆಗೆ ಹೋಗಲಿಲ್ಲ. ಮೊಮ್ಮಗಳು ಊನಾಗೆ ಮೂರು ವರ್ಷವಂತೆ. ಫೋಟೋ ಕೂಡ ನೋಡಿಲ್ಲ. ಬರುವ ಸೋಮವಾರ ಬೆಳಿಗ್ಗೆ ಎಲ್ಲರೂ ಆಸ್ಟ್ರೇಲಿಯಾಕ್ಕೆ ಹೋಗುತ್ತಾರೆ, ಇನ್ನು ಅಲ್ಲೇ. ಅದೂ ನನ್ನ ತಂಗಿ ಹೇಳಿ ಗೊತ್ತಾದದ್ದು. ಫೋನ್ ನಂಬರೂ ಅವಳೇ ಕೊಟ್ಟದ್ದು.

ನಿನ್ನೆ ಮರ್ಸಾಲಿಗೆ ಮೆಸೇಜು ಹಾಕಿದೆ. ಉತ್ತರವಿಲ್ಲ.

ಆಗಸ್ಟ್ 7, ಬುಧವಾರ

ಅರಮನೆ. ರಾಣಿಯ ಮಂಚ, ರಾಣಿಯ ಕಸೂತಿ. ಮೊಣಕಾಲು ಊದಿದೆ. ಉತ್ತರವಿಲ್ಲ.

ಆಗಸ್ಟ್ 9, ಶುಕ್ರವಾರ. ಮಧ್ಯಾಹ್ನ

ಬಂತು! ಮ್ಯೂಸಿಯಂ ಮೆಟ್ಟಿಲ ಮೇಲೆ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಾಗ. “ಭಾನುವಾರ ಮೂರು ಗಂಟೆಗೆ ಸಸ್ಯೋದ್ಯಾನದ ಕೆಫೆಗೆ ಬನ್ನಿ. ಊನಾನ ಕರ್ಕೊಂಡು ಬರ್ತೀನಿ. ಬೇರೆ ಹೊತ್ತು ಆಗಲ್ಲ.”

ಭಾನುವಾರ. ದೇವರ ದಿನ, ಯಾವ ಕೆಲಸವೂ ಕೂಡದು. ನಮ್ಮ ಕಡೆ ಆ ದಿನ ಬಟ್ಟೆ ಒಣಹಾಕುವುದಿಲ್ಲ, ಆಲೂಗಡ್ಡೆಯನ್ನೂ ಹಿಂದಿನ ದಿನವೇ ಸುಲಿದಿಟ್ಟಿರುತ್ತೇವೆ. ಕೆಫೆಯಲ್ಲಿ ಕೂರುವುದೇ? ನಮ್ಮ ಮಡಿಲಲ್ಲಿ ಬೆಳೆದವಳು, ಅವಳಿಗೆ ಗೊತ್ತಿಲ್ಲವೇ. ಬೇಕೆಂದೇ ಆರಿಸಿದಳೇ? ಪರೀಕ್ಷೆಯೇ? ಇರಲಿ. ಅವಳಿಗೆ ಆ ಹಕ್ಕಿದೆ.

ಫಿನ್ಲೇ ಓದಿ ಸ್ಯಾಂಡ್‌ವಿಚ್ ಕೆಳಗಿಟ್ಟ.

“ಭಾನುವಾರ ಆಗಲ್ಲ ಡೋಲಿನಾ.”

“ಕುರಿ ಗುಂಡಿಗೆ ಬಿದ್ರೆ ಭಾನುವಾರಾನೂ ಎತ್ತಬಹುದು ಅಂತ ನೀನೇ ಊರಿಗೆಲ್ಲ ಹೇಳ್ತೀಯ.”

“ಅದು ಕರುಣೆಯ ಕೆಲಸ. ಶಾಸ್ತ್ರ ಒಪ್ಪುತ್ತೆ.”

“ಕುರಿಗೊಂದು ನ್ಯಾಯ, ಮಗಳಿಗೊಂದು ನ್ಯಾಯನಾ ಮಾರಾಯ?”

ಸ್ಯಾಂಡ್‌ವಿಚ್ಚನ್ನು ಪಾರಿವಾಳಗಳಿಗೆ ಹಾಕಿಬಿಟ್ಟ. ಅನ್ನ ಚೆಲ್ಲುವವನಲ್ಲ ಅವನು.

ಆಗಸ್ಟ್ 10, ಶನಿವಾರ. ಸಂಜೆ

ಹೈ ಸ್ಟ್ರೀಟಿನಲ್ಲಿ ಇಲ್ಲಿನ ನಾಟಕೋತ್ಸವದ ಗದ್ದಲ. ಮೈಗೆಲ್ಲ ಬಣ್ಣ ಬಳಿದುಕೊಂಡವನೊಬ್ಬ ಕೈಗೆ ಚೀಟಿ ತುರುಕಿದ. ಕೊನೆಗೆ ಚಹಾದ ಹೊತ್ತಿಗೆ ಫಿನ್ಲೇ ಹೇಳಿದ —

“ಪ್ರಾರ್ಥನೆ ಮುಗಿಸ್ಕೊಂಡು ನಡ್ಕೊಂಡು ಹೋಗೋಣ. ನಡೆಯೋದು ತಪ್ಪಲ್ಲ. ಬಸ್ಸು ಬೇಡ, ನಮಗೋಸ್ಕರ ಇನ್ನೊಬ್ಬನ್ನ ದುಡಿಸಿದ ಹಾಗಾಗುತ್ತೆ. ಅಲ್ಲಿ ಏನೂ ಕೊಳ್ಳೋದು ಬೇಡ, ಸುಮ್ನೆ ಕೂರೋಣ.”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಇಷ್ಟರ ಮಟ್ಟಿಗಾದರೂ ಇಳಿದು ಬಂದನಲ್ಲ! ಎದ್ದು ಅವನ ತಲೆಗೆ ಮುತ್ತು ಕೊಟ್ಟೆ. “ಬರ್ತೀವಿ” ಎಂದು ಬರೆದೆ. ಊನಾಗೆ ಕುಲಾವಿ ತಂದಿದ್ದೇನೆ, ನಾನೇ ಹೆಣೆದದ್ದು. ಅಳತೆ ಅಂದಾಜು.

ನಾಳೆ ಬರೆಯುವುದಿಲ್ಲ. ಭಾನುವಾರ ಪೆನ್ನು ಮುಟ್ಟುವ ರೂಢಿಯಿಲ್ಲ.

ಆಗಸ್ಟ್ 12, ಸೋಮವಾರ. ಬೆಳಿಗ್ಗೆ 7

ಅವರ ವಿಮಾನ ಆರಕ್ಕೇ ಹೋಯಿತು.

ಬರೆದುಬಿಡುತ್ತೇನೆ. ಬರೆಯದಿದ್ದರೆ ತಲೆ ಕೆಡುತ್ತದೆ.

ಪ್ರವಚನ ಮುಗಿದಾಗ ಎರಡು ಗಂಟೆ. ಪಾದ್ರಿ ಅಷ್ಟು ಎಳೆದ. ನಡೆದೆವು. ಅರ್ಧ ದಾರಿಗೆ ಮೊಣಕಾಲು ಕೈಕೊಟ್ಟಿತು. ಸೇತುವೆ ಬೀದಿಯಲ್ಲಿ ಜನ, ಜನ, ಜನ. ಎರಡೂ ಮುಕ್ಕಾಲಾಗಿತ್ತು. ಬಸ್ ಸ್ಟಾಪಿನ ಕಂಬ ಹಿಡಿದು ನಿಂತೆ. ಬಸ್ಸು ಬಂತು. ಸಸ್ಯೋದ್ಯಾನದ ಕಡೆ ಹೋಗುವುದೇ. ಬಾಗಿಲು ತೆರೆಯಿತು.

“ಹತ್ತೀರೇನಮ್ಮ?” ಎಂದ ಡ್ರೈವರು.

ಫಿನ್ಲೇ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ.

“ಇಲ್ಲಪ್ಪ, ನೀನು ಹೋಗು” ಎಂದೆ. ನಾನೇ ಎಂದದ್ದು. ಈ ಬಾಯಿಂದಲೇ.

ಆಮೇಲೆ ಇಳಿಜಾರು. ಹತ್ತು ಹೆಜ್ಜೆಗೊಮ್ಮೆ ನಿಂತೆ. ದಾರಿ ತಪ್ಪಿ ಹೊಳೆಯ ದಡಕ್ಕೆ ಹೋಗಿ ವಾಪಸು ಬಂದೆವು. ಕೆಫೆ ಮುಟ್ಟಿದಾಗ ನಾಲ್ಕೂ ಇಪ್ಪತ್ತು.

ಮೇಜು ಒರೆಸುತ್ತಿದ್ದ ಹುಡುಗಿಯನ್ನು ಕೇಳಿದೆ. “ಕೆಂಪು ಕೂದಲಿನವರಾ? ಪುಟ್ಟ ಮಗು ಜೊತೆ? ತುಂಬಾ ಹೊತ್ತು ಕೂತಿದ್ರು. ಮಗು ಅಳೋಕೆ ಶುರು ಮಾಡ್ತು. ಹೋಗಿ ಅರ್ಧ ಗಂಟೆ ಆಯ್ತು... ನೀವು ಕೂತ್ಕೊಳ್ಳಿ ಅಜ್ಜಿ, ನೀರು ತರ್ಲಾ?”

ಮಗುವಿಗೂ ಕೆಂಪು ಕೂದಲೇ ಎಂದು ಕೇಳಿದೆ. ಹೌದಂತೆ. ಅಷ್ಟೇ ನನಗೆ ಸಿಕ್ಕಿದ್ದು.

ಭಾನುವಾರವೆಂದು ಫೋನು ಆರಿಸಿ ರೂಮಿನಲ್ಲೇ ಬಿಟ್ಟಿದ್ದೆವು. ಅವಳ ಮನೆ ಗೊತ್ತಿಲ್ಲ. ರೂಮಿಗೆ ಬಂದ ಮೇಲೂ ಹಚ್ಚಲಿಲ್ಲ. ಭಾನುವಾರ ಇನ್ನೂ ಮುಗಿದಿರಲಿಲ್ಲವಲ್ಲ! ಎಂಥ ಕತ್ತೆ ನಾನು. ಇವತ್ತು ಎದ್ದು ಹಚ್ಚಿದೆ. ಐದು ಸಲ ಕರೆ ಮಾಡಿದ್ದಾಳೆ. ಒಂದು ಮೆಸೇಜು, ನಿನ್ನೆ 3.50ರದು.

“ನೀವು ಬರಲ್ಲ ಅಂತ ಗೊತ್ತಿತ್ತಮ್ಮ. ಆದ್ರೂ ಕಾದೆ. ಇನ್ನು ಬರೀಬೇಡಿ.”

ಕರೆ ಮಾಡಿದೆ. ಆ ನಂಬರು ಈಗ ಇಲ್ಲ ಎನ್ನುತ್ತದೆ.

ಅದೇ ದಿನ. 9.30

ಪೆಟ್ಟಿಗೆ ಕಟ್ಟಬೇಕು. ಕೈ ಏಳುತ್ತಿಲ್ಲ. ಫಿನ್ಲೇ ಹಾಸಿಗೆಯ ಅಂಚಿನಲ್ಲಿ ಕೂತಿದ್ದಾನೆ, ಒಂದೇ ಕಾಲಿಗೆ ಬೂಟು. ಇನ್ನೊಂದನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದ.

“ಆ ಬಸ್ಸು ಹತ್ತಬೇಕಿತ್ತು.”

“ಏನಂದೆ?”

“ನೀನು ಹತ್ತಿದ್ರೆ ನಾನೂ ಹಿಂದೇನೇ ಹತ್ತುತ್ತಿದ್ದೆ ಡೋಲಿನಾ. ನೀನು ಹತ್ತಲಿ ಅಂತಾನೇ ನಿಂತಿದ್ದೆ. ಮೊದಲು ನಾನೇ ಹೆಂಗೆ ಹತ್ಲಿ, ನೀನು ಏನಂದುಕೊಳ್ತೀಯೋ ಅಂತ...”

ನಾನು ಏನಂದುಕೊಳ್ಳುತ್ತೇನೋ ಎಂದು! ಕೂಗಬೇಕೆನಿಸಿತು, ಹೊಡೆಯಬೇಕೆನಿಸಿತು. ಆಗಲಿಲ್ಲ. ನಾನು ಆ ಬಾಗಿಲ ಮುಂದೆ ನಿಂತು ನೋಡುತ್ತಿದ್ದದ್ದು ಇವನ ಕಾಲನ್ನೇ. ಒಂದು ಹೆಜ್ಜೆ ಇಡಲಿ, ಒಂದೇ, ಆಮೇಲೆ ನಾನು—