ತಿರುಗಿ ಬೀಳದ ಜೊತೆಗಾರ

ಮನೆಯಿಂದ
ಮಾರ್ಚ್ 9, ಭಾನುವಾರ

ಪ್ರೀತಿಯ ಅಣ್ಣಾ,

ಪಕ್ಕೆಲುಬು ಕೂಡಿಕೊಂಡಿತೇ? ಕಳೆದ ಸಲ ಗಾಜಿನ ಆಚೆ ಕೂತು ‘ಜಾರಿ ಬಿದ್ದೆ ಕಣೇ’ ಅಂದೆ. ಜಾರಿ ಬಿದ್ದವನ ಕೆನ್ನೆ ಮೇಲೆ ಬೂಟಿನ ಗುರುತು ಎಲ್ಲಿಂದ ಬಂತು? ಅಪ್ಪನನ್ನು ಕೊಂದ ತಪ್ಪಿಗೆ ಜೈಲಿನಲ್ಲಿ ಐದು ವರ್ಷ ಕಳೆದಿದ್ದೀಯ, ಇನ್ನೂ ಒಂಬತ್ತು ಇದೆ. ಅಲ್ಲಿಯವರೆಗೆ ನಿನ್ನನ್ನು ಉಳಿಸುತ್ತಾರೋ ಇಲ್ಲವೋ ಎಂದು ನನಗೆ ಭಯ. ಅಮ್ಮ ಚೆನ್ನಾಗಿದ್ದಾಳೆ. ಅಪ್ಪನ ಏಟು ಬಿದ್ದ ಎಡಗಿವಿ ಕೇಳಿಸುವುದಿಲ್ಲ, ಬೇಡದ ಮಾತು ಬಂದರೆ ಬಲಗಿವಿಯೂ ಕೇಳಿಸುವುದಿಲ್ಲ.

ನನ್ನ ಕೆಲಸ ಏನೆಂದು ಕೇಳಿದ್ದೆಯಲ್ಲ. ವಿಡಿಯೋ ಗೇಮಿನಲ್ಲಿ ಆಟಗಾರನ ಪಕ್ಕದಲ್ಲಿ ಕೊನೆತನಕ ಕಾದಾಡುವ ಒಬ್ಬ ಜೊತೆಗಾರ ಇರುತ್ತಾನೆ. ಅವನನ್ನು ಹುಟ್ಟಿಸುವವಳು ನಾನು. ಅವನಿಗೆ ಏನು ಬೇಕು, ಏನನ್ನು ಸಹಿಸಲಾರ, ರಕ್ತ ಸುರಿಯುವಾಗ ಹೇಗೆ ಬೈಯುತ್ತಾನೆ, ಎಲ್ಲ ಬರೆಯಬೇಕು. ಆಟಗಾರನ ನಡತೆ ನೋಡಿ ಅವನ ನಂಬಿಕೆ ಏರಬೇಕು, ಇಳಿಯಬೇಕು. ತೀರಾ ಇಳಿದರೆ ಬಿಟ್ಟು ಹೋಗಬೇಕು, ಇಲ್ಲವೇ ತಿರುಗಿ ಬೀಳಬೇಕು. ನಾನು ನಿನ್ನನ್ನೇ ಬರೆದೆ. ಕೊಡಲಿ ಬೀಸಿದವನ ಎದುರಿಗೇ ಹೋಗಿ ನಿಲ್ಲುವವನು, ಹಲ್ಲು ಉದುರಿದರೆ ‘ಹುಳುಕು ಹಲ್ಲು, ಬಿಡು’ ಎನ್ನುವವನು.

ಆಟ ಪರೀಕ್ಷಿಸುವ ಮೂವರ ಕೈಗೆ ಅವನನ್ನು ಕೊಟ್ಟೆವು. ಒಬ್ಬ ಅವನ ಊರಿಗೇ ಬೆಂಕಿ ಹಚ್ಚಿದ. ಒಬ್ಬಳು ಅವನ ಬೆರಳು ಕತ್ತರಿಸಿದಳು. ಇನ್ನೊಬ್ಬ ತಾನು ಮಾಡಿದ ಕೊಲೆಯನ್ನು ಅವನ ತಲೆಗೆ ಕಟ್ಟಿ ಚಾವಟಿಯಲ್ಲಿ ಹೊಡೆಸಿದ. ಬೆನ್ನಿನ ಚರ್ಮ ಸುಲಿದಿದ್ದರೂ ಮರುದಿನ ಅವನು ಅದೇ ಆಟಗಾರನ ಮುಂದೆ ಗುರಾಣಿ ಹಿಡಿದು ನಿಂತ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಮ್ಮ ಮೇಲಿನವರು ಮಾತ್ರ ನಗಲಿಲ್ಲ. ‘ಇವನು ಜೊತೆಗಾರ ಅಲ್ಲಮ್ಮ, ಕಾಲೊರಸು. ಎಲ್ಲಿ ತಿರುಗಿ ಬೀಳ್ತಾನೆ, ಬರ್ಕೊಂಡು ಬಾ’ ಅಂದರು.

ಒಂದು ವಾರ ಕೂತೆ. ನೀನು ನನ್ನ ಮೇಲೆ ತಿರುಗಿ ಬೀಳುವ ಒಂದು ಸಾಲೂ ಬರಲಿಲ್ಲ. ನಾಚಿಕೆಯಾಯಿತು ಅಣ್ಣಾ. ಕೊನೆಗೆ ಅವನನ್ನು ಹಾಗೇ ಬಿಟ್ಟು, ಚಾವಟಿ ಏಳುವ ಮೊದಲು ಕೊಂದವನು ತಾನೆಂದು ಬಾಯಿ ಬಿಡಲು ಆಟಗಾರನಿಗೆ ಒಂದು ಅವಕಾಶ ಬರೆದೆ. ಮೇಲಿನವರು ಒಪ್ಪಿದರು.

ಅಮ್ಮ ನಿನಗೆ ಆಯಸ್ಸು ಗಟ್ಟಿಯಾಗಿರಲಿ ಅನ್ನುತ್ತಿದ್ದಾಳೆ. ಸ್ನಾನಕ್ಕೆ ಒಬ್ಬನೇ ಹೋಗಬೇಡ.

ನಿನ್ನ
ಇಲಿಮರಿ

ತಾ.ಕ.: ಈ ಕಾಗದವನ್ನು ಮೊದಲು ಜೈಲಿನವರು ಓದುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಅಪ್ಪ ಅಮ್ಮನ ಕತ್ತು ಹಿಸುಕುತ್ತಿದ್ದಾಗ ಸುತ್ತಿಗೆಯಿಂದ ಅವನ ತಲೆಗೆ ಹೊಡೆದವಳು ನಾನು. ಮೂರು ಏಟು. ಮೂರನೆಯದು ಬೇಕಿರಲಿಲ್ಲ. ನೀನು ಬಂದದ್ದು ಆಮೇಲೆ, ನನ್ನ ತಪ್ಪನ್ನು ನಿನ್ನ ತಲೆಗೆ ಕಟ್ಟಿಕೊಂಡದ್ದೂ ಆಮೇಲೆ. ನಾಳೆ ಬೆಳಿಗ್ಗೆ ಅಮ್ಮನನ್ನು ಕರೆದುಕೊಂಡು ಠಾಣೆಗೆ ಹೋಗುತ್ತೇನೆ. ಹೋಗಬೇಡ ಎಂದು ನೀನು ಬರೆಯುವ ಕಾಗದ ಬರುವಷ್ಟರಲ್ಲಿ ನಾನು ಈ ಮನೆಯಲ್ಲಿ ಇರುವುದಿಲ್ಲ.